‘ಕುಕೂವಿನ ಗೂಡು’ ಕನ್ನಡದಲ್ಲಿ ಕೋಗಿಲೆಯ ಗೂಡಾದೀತೆ?

ಮಾನ್ಯರೆ,

ಮಿಲೋಸ್ ಫೋರ್ಮನ್ ನಿರ್ದೇಶಿಸಿದ 1975ರ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ಚಿತ್ರವನ್ನು ಕುರಿತು ಪರಿಚಯ ಲೇಖನವೊಂದನ್ನು ಬರೆಯಲು ಕುಳಿತವನಿಗೆ ಹೆಸರಿನಲ್ಲೇ ತೊಡಕು ಎದುರಾಗಿದೆ. ಅಮೆರಿಕದ ಆಡುಮಾತಿನಲ್ಲಿ ‘ಕುಕೂ’ ಎಂದರೆ ಕೋಗಿಲೆಯ ಬಳಗದ ಹಕ್ಕಿಯೂ ಹೌದು, ತಲೆಕೆಟ್ಟವನೂ ಹೌದು. ಹಾಗಾಗಿ ಅದರ ಗೂಡೆಂದರೆ ಹುಚ್ಚಾಸ್ಪತ್ರೆ. ಕೆನ್ ಕೀಸಿಯ 1962ರ ಕಾದಂಬರಿಯಲ್ಲಿ ನಿರೂಪಕ ಬ್ರಾಮ್ಡನ್‌ಗೆ ಬಾಲ್ಯದಲ್ಲಿ ಅಜ್ಜಿ ಹೇಳಿಕೊಡುತ್ತಿದ್ದ ಶಿಶುಪ್ರಾಸದಿಂದ ಈ ಮಾತು ಬಂದಿದೆ: ಒಂದು ಹೆಬ್ಬಾತು ಮೂಡಣಕ್ಕೆ, ಒಂದು ಪಡುವಣಕ್ಕೆ, ಮತ್ತೊಂದು ಕುಕೂವಿನ ಗೂಡಿನ ಮೇಲೆ ಹಾರಿಹೋಗುತ್ತದೆ.

‘ಕೋಗಿಲೆಯ ಗೂಡು’ ಎಂದು ಅನುವಾದಿಸಿದರೆ ಇದರಲ್ಲಿ ಏನೂ ಉಳಿಯುವುದಿಲ್ಲವೆಂದು ನನ್ನ ಭಾವನೆ. ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದು ಪಂಪನು ಬಯಸಿದ ನಾಡಿನಲ್ಲಿ ಆ ಹಕ್ಕಿಗೆ ಇಂಪು ಮತ್ತು ವಸಂತಗಳಲ್ಲದೆ ಬೇರೆ ಧ್ವನಿಯಿಲ್ಲ. ಅದಕ್ಕೂ ಮಿಗಿಲಾಗಿ, ಕೋಗಿಲೆ ಗೂಡನ್ನೇ ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಬೆಳೆಸಿಕೊಳ್ಳುವುದರಿಂದಲೇ ಅದಕ್ಕೆ ‘ಪರಪುಷ್ಟ’, ‘ಪರಭೃತ’ ಎಂಬ ಹೆಸರುಗಳು ಬಂದಿವೆ. ಅದೇ ಕುಲದ ಕೆಂಬೂತ ತಾನೇ ಗೂಡು ಕಟ್ಟುತ್ತದೆ, ನಮ್ಮ ಗಾದೆಯಲ್ಲಿ ನಗೆಗೂ ಈಡಾಗಿದೆ. ಆದರೆ ಅಲ್ಲಿ ನಗುವುದು ನವಿಲನ್ನು ಅನುಕರಿಸಿದ್ದಕ್ಕೆ, ಬುದ್ಧಿ ಕೆಟ್ಟದ್ದಕ್ಕಲ್ಲ.

ನಮ್ಮ ಆಡುಮಾತು ಇಂಥಲ್ಲಿ ಹಕ್ಕಿಯ ಬದಲು ಊರನ್ನೋ ಸಂಸ್ಥೆಯನ್ನೋ ಹಿಡಿಯುತ್ತದೆ: ಬೆಂಗಳೂರಿನ ಕಡೆ ‘ನಿಮ್ಹಾನ್ಸ್‌ಗೆ ಸೇರಿಸಬೇಕು’, ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕ ಕಳಸಬೇಕು’ (ಅಲ್ಲಿಯೂ ಮಾನಸಿಕ ಆಸ್ಪತ್ರೆಯಿದೆ). ಚಿಕಿತ್ಸೆ ಪಡೆಯುತ್ತಿರುವವರನ್ನು ನೋಯಿಸುವ ಈ ಮಾತುಗಳನ್ನು ಶೀರ್ಷಿಕೆಗೆ ತರಲು ನನಗೆ ಮನಸ್ಸಿಲ್ಲ. ಅಲ್ಲದೆ ಚಿತ್ರದ ಆಸ್ಪತ್ರೆ ಓರೆಗಾನ್ ರಾಜ್ಯದ ಸೇಲಂ ಊರಿನಲ್ಲಿರುವ ನಿಜವಾದ ಮಾನಸಿಕ ಆಸ್ಪತ್ರೆ. ಚಿತ್ರೀಕರಣ ನಡೆದದ್ದೂ ಅಲ್ಲಿಯೇ.

‘ಪಂಜರ’ ಎನ್ನೋಣವೆಂದರೆ ಪುಟ್ಟಣ್ಣ ಕಣಗಾಲರ ‘ಶರಪಂಜರ’ ಚಿತ್ರ ನೆನಪಾಗುತ್ತದೆ. ಅಲ್ಲಿ ನಾಯಕಿ ಕಾವೇರಿ ಮಾನಸಿಕ ಆಸ್ಪತ್ರೆಯಲ್ಲಿ ಗುಣವಾಗಿ ಮರಳುತ್ತಾಳೆ, ಆಕೆಗೆ ಪಂಜರವಾಗುವುದು ಮನೆ ಮತ್ತು ನೆರೆಹೊರೆ. ಇಲ್ಲಿ ನರ್ಸ್ ರ‍್ಯಾಚೆಡ್‌ಳ ವಾರ್ಡೇ ಪಂಜರವಾದರೂ, ಹೆಚ್ಚಿನವರು ಅಲ್ಲಿ ತಾವಾಗಿಯೇ ಸೇರಿಕೊಂಡಿದ್ದಾರೆಂದು ತಿಳಿದು ನಾಯಕ ಮ್ಯಾಕ್‌ಮರ್ಫಿ ಬೆರಗಾಗುವ ದೃಶ್ಯವನ್ನು ನೆನೆದರೆ, ಬಯಸಿ ಒಳಗಿರುವ ‘ಗೂಡು’ ಎಂಬ ಪದವನ್ನು ಬಿಟ್ಟುಕೊಡಬಾರದೆನಿಸುತ್ತದೆ.

ಆದ್ದರಿಂದ ಸದ್ಯಕ್ಕೆ ‘ಮರುಳರ ಗೂಡು ದಾಟಿ’ ಎಂದು ಬರೆದುಕೊಂಡಿದ್ದೇನೆ. ‘ಹುಚ್ಚು’ ಎಂಬುದಕ್ಕಿಂತ ‘ಮರುಳು’ ಮೃದುವಾದದ್ದು. ಮರುಳಸಿದ್ಧ, ಮರುಳಶಂಕರದೇವ ಎಂಬ ಶರಣರ ಹೆಸರುಗಳಲ್ಲಿ ಅದಕ್ಕೆ ಗೌರವವೂ ಸಂದಿದೆ. ‘ಮೇಲೆ ಹಾರಿದ’ ಎನ್ನದೆ ‘ದಾಟಿ’ ಎಂದದ್ದು, ಕೊನೆಯಲ್ಲಿ ಕಿಟಕಿಯೊಡೆದು ಹೊರಗೋಡುವ ಬ್ರಾಮ್ಡನ್‌ನ ಸಲುವಾಗಿ. ಆದರೆ ಇಂದಿನ ಬಳಕೆಯಲ್ಲಿ ‘ಮರುಳಾಗು’ ಎಂದರೆ ಮೋಸಹೋಗು, ಮನಸೋಲು ಎಂಬ ಅರ್ಥಗಳೇ ಮುಂದಾಗಿರುವುದರಿಂದ ಓದುಗರು ದಾರಿತಪ್ಪಬಹುದೆಂಬ ಅಳುಕಿದೆ.

ನಿಮ್ಮ ಸೀಮೆಯ ಮಾತಿನಲ್ಲಿ ಬುದ್ಧಿಭ್ರಮೆಯನ್ನು ಯಾವುದಾದರೂ ಹಕ್ಕಿಯ ಹೆಸರಿನಿಂದ ಸೂಚಿಸುವ ರೂಢಿಯಿದೆಯೆ? ಇದ್ದರೆ, ಅದನ್ನು ಬೈಗುಳವಾಗಿ ಆಡುತ್ತಾರೆಯೋ ಮರುಕದಿಂದ ಆಡುತ್ತಾರೆಯೋ ಎಂಬುದನ್ನೂ ದಯವಿಟ್ಟು ತಿಳಿಸಿ.