ಸಂಜೆ ತಾಲೀಮು, ಬೆಳಿಗ್ಗೆ ಓಟ, ನಡುವೆ ಹಿಮ್ಮಡಿ ನೋವು

ಪ್ರಶ್ನೆ:
ನಮಸ್ಕಾರ. ನನಗೆ 38 ವರ್ಷ, ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ನಾಲ್ಕು ವರ್ಷದಿಂದ ನೆಹರು ಸ್ಟೇಡಿಯಂನಲ್ಲಿ ಬೆಳಿಗ್ಗೆ ಓಡುತ್ತಿದ್ದೆ. ವಾರಕ್ಕೆ 25 ಕಿ.ಮೀ. ಆಗುತ್ತಿತ್ತು. ಫೆಬ್ರವರಿಯಲ್ಲಿ ಗೆಳತಿಯರ ಜೊತೆ ಕುಂದಾದ್ರಿಯ ಏರು ರಸ್ತೆಯಲ್ಲಿ ಎರಡು ಭಾನುವಾರ ಓಡಿದೆ. ಎರಡನೇ ಸಲ ಇಳಿದು ಬಂದ ಮೇಲೆ ಎಡ ಹಿಮ್ಮಡಿಯ ಹಿಂದೆ, ಎರಡು ಬೆರಳು ಮೇಲಕ್ಕೆ, ಹಿಡಿದುಕೊಂಡಿತು. ಬೆಳಿಗ್ಗೆ ಎದ್ದರೆ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ನಡೆಯಬೇಕು. ಡಾಕ್ಟರಿಗೆ ತೋರಿಸಿದೆ. ಅಕಿಲಿಸ್ ಟೆಂಡನ್ ತೊಂದರೆ, ರೆಸ್ಟ್ ಮಾಡಿ ಅಂದರು. ಮೂರು ತಿಂಗಳು ಒಂದು ಸುತ್ತೂ ಓಡಲಿಲ್ಲ.

ಈ ನಡುವೆ ನಮ್ಮ ಹವ್ಯಾಸಿ ತಂಡದ ನಾಟಕ ಶುರುವಾಗಿದೆ. ಜುಲೈ ಕೊನೆಗೆ ಕುವೆಂಪು ರಂಗಮಂದಿರದಲ್ಲಿ ಶೋ, ಇನ್ನು ಏಳು ವಾರ. ದಿನಾ ಸಂಜೆ 7ರಿಂದ 10ರವರೆಗೆ ತಾಲೀಮು. ನಾನು ಮೇಳದಲ್ಲಿದ್ದೇನೆ, ಕುಣಿತ ಇದೆ. ಹೋದ ಭಾನುವಾರ 4 ಕಿ.ಮೀ. ಓಡಿ ನೋಡಿದೆ. ಓಡುವಾಗ ಏನೂ ಅನ್ನಿಸಲಿಲ್ಲ, ಮಾರನೇ ದಿನ ಮತ್ತೆ ಗೋಡೆ. ಇಷ್ಟು ರೆಸ್ಟ್ ಮಾಡಿಯೂ ಯಾಕೆ ಹೀಗೆ? ಒಬ್ಬರು ನಾಟಕ ಬಿಡು ಅಂತಾರೆ, ಇನ್ನೊಬ್ಬರು ಇಂಜೆಕ್ಷನ್ ಹಾಕಿಸಿಕೋ ಅಂತಾರೆ. ನನಗೆ ಓಟವೂ ಬೇಕು, ನಾಟಕವೂ ಬೇಕು.

ಫಿಸಿಯೋಥೆರಪಿಸ್ಟ್:
ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ನೀವು ರೆಸ್ಟ್ ಮಾಡಿಲ್ಲ. ಓಟ ನಿಲ್ಲಿಸಿದ್ದೀರಿ, ಅಷ್ಟೇ. ದಿನಾ ಮೂರು ಗಂಟೆ ಕುಣಿಯುತ್ತಿದ್ದೀರಿ, ಅದೂ ಬರಿಗಾಲಲ್ಲಿ ಇರಬೇಕು, ಅಲ್ವಾ? ನಾಟಕದವರು ತಾಲೀಮನ್ನು ವ್ಯಾಯಾಮ ಅಂತ ಲೆಕ್ಕಕ್ಕೆ ಇಡುವುದೇ ಇಲ್ಲ. ನನ್ನ ಹತ್ತಿರ ಬರುವ ಕಲಾವಿದರೆಲ್ಲರಿಗೂ ಇದನ್ನೇ ಹೇಳುತ್ತೇನೆ.

ನಮ್ಮ ಕಡೆ ಈ ಅಕಿಲಿಸ್ ಟೆಂಡನ್ ಅನ್ನು ನರ ಅಂತಾರೆ, ಆದರೆ ನರ ಅಲ್ಲ. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ದಪ್ಪ ಹುರಿ ಅದು. ಓಡುವಾಗ ಒಂದೊಂದು ಹೆಜ್ಜೆಗೂ ದೇಹದ ತೂಕದ ಆರೇಳು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಏರು ರಸ್ತೆಯಲ್ಲಿ ಪಾದ ಮೇಲಕ್ಕೆ ಮಡಚಿ ಹುರಿ ಇನ್ನೂ ಎಳೆಯುತ್ತದೆ, ಕುಂದಾದ್ರಿಯಲ್ಲಿ ಆಗಿದ್ದು ಅದೇ. ಜಿಗಿದು ಮುಂಗಾಲಿನ ಮೇಲೆ ಇಳಿದಾಗಲೂ ಅದೇ ಹುರಿಯೇ ಭಾರ ಹೊರಬೇಕು. ಬರೀ ರೆಸ್ಟ್‌ನಿಂದ ನೋವು ಇಳಿಯುತ್ತದೆ, ಹುರಿ ಗಟ್ಟಿಯಾಗುವುದಿಲ್ಲ. ಅಳತೆ ನೋಡಿ ಭಾರ ಹೊರಿಸಿದರೆ ಮಾತ್ರ ಗಟ್ಟಿಯಾಗುತ್ತದೆ.

ನಾಟಕ ಬಿಡಬೇಡಿ. ಸ್ಟೆರಾಯ್ಡ್ ಇಂಜೆಕ್ಷನ್ ಬೇಡವೇ ಬೇಡ. ಸ್ವಲ್ಪ ದಿನ ನೋವು ಮರೆಸುತ್ತದೆ, ಆದರೆ ಈ ಹುರಿ ಹರಿಯುವ ಅಪಾಯ ಜಾಸ್ತಿಯಾಗುತ್ತದೆ.

ಎರಡು ಕೆಲಸ ಮಾಡಿ ಬರೆಯಿರಿ. ಗೋಡೆಗೆ ಎರಡು ಬೆರಳು ತಾಗಿಸಿ, ಒಂಟಿ ಕಾಲಲ್ಲಿ ನಿಂತು, ಮಂಡಿ ನೆಟ್ಟಗಿಟ್ಟು ಹಿಮ್ಮಡಿ ಎತ್ತಿ ಇಳಿಸಿ. ಎತ್ತರ ಕಡಿಮೆಯಾಗುವ ತನಕ ಎಷ್ಟಾಗುತ್ತದೆ, ಎರಡೂ ಕಾಲಿನದು ಎಣಿಸಿ. ಮತ್ತೆ ಒಂದು ತಾಲೀಮಿನಲ್ಲಿ ಎಷ್ಟು ಸಲ ಜಿಗಿಯುತ್ತೀರಿ ಅಂತ ಯಾರಿಗಾದರೂ ಎಣಿಸಲು ಹೇಳಿ.

ಪ್ರಶ್ನೆ ಕೇಳಿದವರು:
ಬಲಗಾಲು 23. ಎಡಗಾಲು 9, ಅದೂ ಕೊನೆಯ ಎರಡು ನಡುಗಿಕೊಂಡು. ನಿಜಕ್ಕೂ ಗಾಬರಿಯಾಯಿತು. ಪ್ರಾಂಪ್ಟ್ ಮಾಡುವ ಹುಡುಗಿ ಜಿಗಿತ ಎಣಿಸಿದಳು. ನಾಟಕ ಒಂದು ಸಲ ಪೂರ್ತಿ ಮಾಡಿದರೆ 62. ಕೆಲವು ದಿನ ಎರಡು ಸಲ ಮಾಡುತ್ತೇವೆ. ಹೌದು, ಬರಿಗಾಲು, ಸಿಮೆಂಟ್ ನೆಲ.

ಫಿಸಿಯೋಥೆರಪಿಸ್ಟ್:
ಒಂಬತ್ತು ಎತ್ತುವ ಕಾಲಿನಿಂದ 124 ಜಿಗಿತ, ಅದರ ಮೇಲೆ 4 ಕಿ.ಮೀ. ಓಟ. ಮಾರನೇ ದಿನ ಗೋಡೆ ಹಿಡಿಯದೆ ಇನ್ನೇನು?

ಮೊದಲು ನಿರ್ದೇಶಕರ ಹತ್ತಿರ ಮಾತಾಡಿ. ಮುಚ್ಚಿಡಬೇಡಿ. ಎರಡು ವಾರ ತಾಲೀಮಿನಲ್ಲಿ ಜಿಗಿತದ ಜಾಗದಲ್ಲಿ ಜಿಗಿಯದೆ ಹೆಜ್ಜೆ ಮಾತ್ರ ಹಾಕಿ, ಲಯ ತಪ್ಪದಿದ್ದರೆ ಸಾಕು. ಆಮೇಲೆ ವಾರಕ್ಕೆ ಎರಡು ದಿನ ಪೂರ್ತಿ ಜಿಗಿಯಿರಿ. ಶೂ ಹಾಕಿಯೇ ತಾಲೀಮು ಮಾಡಿ, ಬರಿಗಾಲು ಕೊನೆಯ ಎರಡು ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಬರಲಿ.

ಮನೆಯಲ್ಲಿ ದಿನ ಬಿಟ್ಟು ದಿನ ಹಿಮ್ಮಡಿ ಎತ್ತುವ ವ್ಯಾಯಾಮ. ಮೂರು ಎಣಿಸುತ್ತಾ ಮೇಲೆ, ಮೂರು ಎಣಿಸುತ್ತಾ ಕೆಳಗೆ. ಮಂಡಿ ನೆಟ್ಟಗೆ ಇಟ್ಟು 15ರಂತೆ ಮೂರು ಸಲ, ಸ್ವಲ್ಪ ಬಗ್ಗಿಸಿ ಮತ್ತೆ ಮೂರು ಸಲ. ಮೀನಖಂಡದ ಒಳಗಿನ ಸ್ನಾಯುವಿಗೆ ಹೆಚ್ಚು ಕೆಲಸ ಸಿಗುವುದು ಮಂಡಿ ಬಗ್ಗಿಸಿದಾಗ, ಅದನ್ನು ಬಿಡಬೇಡಿ. ಮೊದಲ ವಾರ ಎರಡೂ ಕಾಲು, ಆಮೇಲೆ ಎಡಗಾಲು ಒಂದೇ, 15 ಆಗದಿದ್ದರೆ ಆದಷ್ಟು. ಸುಲಭ ಅನ್ನಿಸಿದರೆ ಬೆನ್ನಿಗೆ ಬ್ಯಾಗು ಹಾಕಿ ಅದರಲ್ಲಿ 5 ಕೆ.ಜಿ. ಅಕ್ಕಿ ಇಡಿ. ನಿಮ್ಮ ನೋವು ಎರಡು ಬೆರಳು ಮೇಲಿದೆ, ಹಾಗಾಗಿ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಕೆಳಗೆ ಇಳಿಸಬಹುದು. ನೋವು ಹಿಮ್ಮಡಿ ಮೂಳೆಯ ಮೇಲೇ ಇರುವವರು ಹಾಗೆ ಇಳಿಸಬಾರದು, ಸಮ ನೆಲದಲ್ಲೇ ಮಾಡಬೇಕು.

ಓಟ ವಾರಕ್ಕೆ ಎರಡೇ ದಿನ, ಪೂರ್ತಿ ಜಿಗಿದ ದಿನಕ್ಕೂ ಓಟಕ್ಕೂ ನಡುವೆ ಒಂದು ದಿನ ಬಿಡಿ. 1 ನಿಮಿಷ ನಿಧಾನ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ. ಏರು ರಸ್ತೆ ಬೇಡ. ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಮೂರರವರೆಗೆ ಇದ್ದರೆ ಹೆದರಬೇಡಿ. ಆದರೆ ನಿಜವಾದ ಪರೀಕ್ಷೆ ಮಾರನೇ ದಿನ ಬೆಳಿಗ್ಗೆ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆ ನಿನ್ನೆಗಿಂತ ಬಿಗಿಯಾಗಿದ್ದರೆ ಹಿಂದಿನ ದಿನ ಜಾಸ್ತಿಯಾಯಿತು ಅಂತಲೇ ಅರ್ಥ.

ಇನ್ನೊಂದು. 10ಕ್ಕೆ ತಾಲೀಮು ಮುಗಿಸಿ, ಊಟ ಮಾಡಿ ಮಲಗುವಾಗ ಹನ್ನೆರಡು. 5ಕ್ಕೆ ಎದ್ದು ಓಡಬೇಡಿ. ಆ ದಿನ ನಿದ್ದೆಯೇ ಮದ್ದು.

ಮತ್ತೊಬ್ಬರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಸಾಗರದವನು, ನನಗೂ ಓಟ ಶುರು ಮಾಡಿದಾಗಿಂದ ಮುಂಗಾಲ ಮೂಳೆಯಲ್ಲಿ ಒಂದೇ ಕಡೆ ನೋವು. ಬೆರಳಿಟ್ಟು ತೋರಿಸಬಹುದು. ರಾತ್ರಿ ಮಲಗಿದಾಗಲೂ ಇರುತ್ತದೆ. ಇದೇ ವ್ಯಾಯಾಮ ಮಾಡಬಹುದಾ?

ಫಿಸಿಯೋಥೆರಪಿಸ್ಟ್:
ಬೇಡ. ಇವತ್ತೇ ಓಟ ನಿಲ್ಲಿಸಿ. ಬೆರಳಿಟ್ಟು ತೋರಿಸುವಂಥ, ರಾತ್ರಿಯೂ ಇರುವ ನೋವು ಮೂಳೆಯ ಬಿರುಕಿನ ಲಕ್ಷಣ ಇರಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಮೂಳೆ ಡಾಕ್ಟರಿಗೆ ಈ ವಾರವೇ ತೋರಿಸಿ.

ಟೀಚರಿಗೂ ಹೇಳಬೇಕಾದ್ದು ಇದೆ. ಹಿಂದಿನಿಂದ ಯಾರೋ ಒದ್ದ ಹಾಗೆ ಫಟ್ ಅಂತ ಆಗಿ, ಮುಂಗಾಲ ಮೇಲೆ ನಿಲ್ಲಲು ಆಗದಿದ್ದರೆ ಹುರಿ ಹರಿದಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಜ್ವರ, ಭೇದಿ ಅಂತ ಆಂಟಿಬಯಾಟಿಕ್ ಬರೆಸಿಕೊಳ್ಳುವಾಗಲೂ ಡಾಕ್ಟರಿಗೆ ಈ ನೋವಿನ ವಿಷಯ ಹೇಳಿ. ಸಿಪ್ರೋಫ್ಲಾಕ್ಸಸಿನ್ ಜಾತಿಯ ಮಾತ್ರೆಗಳು ಈ ಹುರಿಗೆ ಒಳ್ಳೆಯದಲ್ಲ.

ಪ್ರಶ್ನೆ ಕೇಳಿದವರು:
ಮೂರು ವಾರ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ಎಡಗಾಲು 15ಕ್ಕೆ ಬಂದಿದೆ. ನಿರ್ದೇಶಕರು ಬೈಯುತ್ತಾರೆ ಅಂದುಕೊಂಡಿದ್ದೆ, ಅವರೇ ಎಲ್ಲರಿಗೂ ತಾಲೀಮಿಗೆ ಮುಂಚೆ ಹಿಮ್ಮಡಿ ಎತ್ತಿಸುತ್ತಿದ್ದಾರೆ. ನಿನ್ನೆ ಮಳೆ ಬಿಟ್ಟಿತ್ತು, ಸ್ಟೇಡಿಯಂಗೆ ಹೋಗಿ 2 ನಿಮಿಷ ಓಟ, 1 ನಿಮಿಷ ನಡಿಗೆ, ಎಂಟು ಸಲ ಮಾಡಿದೆ. ಇವತ್ತು ಬೆಳಿಗ್ಗೆ ಬಚ್ಚಲಿಗೆ ಗೋಡೆ ಹಿಡಿಯದೆ ಹೋದೆ. ಶೋ ಮುಗಿಯುವವರೆಗೂ ಹೀಗೇ ಮುಂದುವರಿಸಲಾ?

ಫಿಸಿಯೋಥೆರಪಿಸ್ಟ್:
ಓದಿ ತುಂಬಾ ಖುಷಿಯಾಯಿತು. ಮುಂದುವರಿಸಿ, ಆದರೆ ಎಡಗಾಲು 20 ದಾಟುವ ತನಕ ನಡುವೆ ನಡೆಯದೆ ಒಂದೇ ಸಮ ಓಡಬೇಡಿ. ಶೋ ವಾರದಲ್ಲಿ ಓಟವೇ ಬೇಡ, ಗ್ರ್ಯಾಂಡ್ ರಿಹರ್ಸಲ್ ಮತ್ತು ಶೋ ಎರಡೂ ಆ ಹುರಿಯ ಮೇಲೇ ಬೀಳುತ್ತವೆ. ಶೋ ಆದ ಮೇಲೆ ಎರಡು ದಿನ ಬಿಟ್ಟು ಸ್ಟೇಡಿಯಂಗೆ ಹೋಗಿ. ವ್ಯಾಯಾಮ ಮಾತ್ರ ಇನ್ನೂ ಎರಡು ತಿಂಗಳು ಬಿಡಬೇಡಿ. ನೋವು ಹೋಯಿತು ಅಂತ ನಿಲ್ಲಿಸಿದವರೇ ನನ್ನ ಹತ್ತಿರ ಮತ್ತೆ ಬರುವುದು. ಶೋ ತಾರೀಕು ಹಾಕಿ, ನಾನೂ ಬರುತ್ತೇನೆ.