ಅಪ್‌ಡೇಟ್: ಉಪ್ಪುನೀರಿನ ಹಳೆಯ ತೊಟ್ಟಿಯಲ್ಲಿ ಈಗ ಸಿಹಿನೀರಿನ ಮೀನುಗಳು

ಸಮುದ್ರದ ಮೀನುಗಳಿದ್ದ 200 ಲೀಟರ್‌ಗಳ ಬಳಸಿದ ಅಕ್ವೇರಿಯಂ ಕೊಂಡಿದ್ದೇನೆ, ಸಿಹಿನೀರಿಗೆ ಬದಲಿಸುವುದು ಹೇಗೆ ಎಂದು ಕೇಳಿದ್ದೆ. ಅದಾಗಿ 24 ದಿನಗಳಾದವು. ನಿನ್ನೆ ಮೊದಲ ಆರು ಮೀನುಗಳನ್ನು ಬಿಟ್ಟೆ, ಲವಲವಿಕೆಯಿಂದ ಓಡಾಡುತ್ತಿವೆ!

ಗಾಜಿಗೆ ಕಚ್ಚಿಕೊಂಡಿದ್ದ ನೇರಳೆ ಬಣ್ಣದ ಸುಣ್ಣದಂಥ ಪದರ ಬಿಸಿನೀರಿಗೆ ಜಗ್ಗಲಿಲ್ಲ. ಬಿಳಿ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ರಾತ್ರಿಯಿಡೀ ಹೊದಿಸಿಡಿ ಎಂದಿದ್ದವರಿಗೆ ಹೃತ್ಪೂರ್ವಕ ಧನ್ಯವಾದ. ಬೆಳಿಗ್ಗೆ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದರೆ ಚಕ್ಕೆಚಕ್ಕೆಯಾಗಿ ಎದ್ದುಬಂತು.

ಹವಳದ ಮರಳನ್ನು ತೊಳೆದು ಬಳಸಬಹುದು ಎಂಬ ಸಲಹೆ ಮಾತ್ರ ಫಲಿಸಲಿಲ್ಲ. ಎಷ್ಟು ಸಲ ನೀರು ಬದಲಿಸಿದರೂ ಪಿಎಚ್ (ನೀರಿನ ಆಮ್ಲೀಯತೆ-ಕ್ಷಾರೀಯತೆಯ ಅಳತೆ) 8ಕ್ಕಿಂತ ಕೆಳಗಿಳಿಯಲಿಲ್ಲ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲವೇ, ಕರಗುತ್ತಾ ನೀರನ್ನು ಗಡುಸಾಗಿಸುತ್ತದೆ. ಗಡುಸು ನೀರನ್ನು ಬಯಸುವ ಮೀನುಗಳಿಗೆ ಅದು ಹಿತವೇ, ನನ್ನ ಟೆಟ್ರಾ ಮೀನುಗಳಿಗಲ್ಲ. ಎಲ್ಲವನ್ನೂ ತೆಗೆದು ಸಾಮಾನ್ಯ ಮರಳು ಹಾಕಿದೆ.

ನನಗೆ ತಿಳಿಯದಿದ್ದ ಸಂಗತಿಯೆಂದರೆ, ಫಿಲ್ಟರಿನಲ್ಲಿದ್ದು ಮೀನಿನ ತ್ಯಾಜ್ಯದ ವಿಷವನ್ನು ಕಳೆಯುವ, ಉಪ್ಪುನೀರಿಗೆ ಒಗ್ಗಿದ ಉಪಯುಕ್ತ ಬ್ಯಾಕ್ಟೀರಿಯಾಗಳು ಸಿಹಿನೀರಿನಲ್ಲಿ ಉಳಿಯುವುದಿಲ್ಲ. ಹಳೆಯ ಫಿಲ್ಟರನ್ನು ನೆಚ್ಚಿಕೊಳ್ಳುವಂತಿಲ್ಲ. ಗೆಳೆಯನ ಸಿಹಿನೀರಿನ ತೊಟ್ಟಿಯಿಂದ ಅಂಥ ಬ್ಯಾಕ್ಟೀರಿಯಾಗಳಿರುವ ಒಂದು ಫಿಲ್ಟರ್ ಸ್ಪಂಜು ತಂದು ಹಾಕಿದ ಮೇಲೆಯೇ ಮೀನುಗಳಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದವು. ಆ ಅಳತೆ ಬರುವವರೆಗೆ ದಯವಿಟ್ಟು ಮೀನು ಬಿಡಬೇಡಿ.

ನೊರೆಯ ಮೂಲಕ ಕೊಳೆ ತೆಗೆಯುವ ಸಾಧನವಾದ ಪ್ರೋಟೀನ್ ಸ್ಕಿಮ್ಮರ್ ಸಿಹಿನೀರಿನಲ್ಲಿ ಸರಿಯಾಗಿ ನೊರೆ ಕಟ್ಟುವುದಿಲ್ಲ, ಮಾರಿಬಿಟ್ಟೆ. ಹಿಂದಿನ ಮಾಲೀಕರು ತಾಮ್ರದ ಔಷಧ ಬಳಸಿದ್ದರಂತೆ. ಅದರ ಅಂಶ ಉಳಿದಿದ್ದರೆ ಸಿಗಡಿ, ಬಸವನಹುಳುಗಳಿಗೆ ಪ್ರಾಣಾಪಾಯ. ತಾಮ್ರದ ಪರೀಕ್ಷೆ ಮಾಡದೆ ಅವುಗಳನ್ನು ತರುವುದಿಲ್ಲ.