ನಾಲ್ಕು ಪೋರ್ಟಿನ ಕಾರ್ಡಿನಲ್ಲಿ ಒಂದೂ ಕಾಣುತ್ತಿಲ್ಲ: ಕರ್ನಲ್‌ನ ಮಿತಿಯೇ?

ಪ್ರಶ್ನೆ: ನನ್ನ ಸಿಂಗಲ್ ಬೋರ್ಡ್ ಕಂಪ್ಯೂಟರಿಗೆ ನಾಲ್ಕು ಸೀರಿಯಲ್ ಪೋರ್ಟುಗಳ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನು ಜೋಡಿಸಿದ್ದೇನೆ. ಲಿನಕ್ಸ್ ಕಾರ್ಡನ್ನು ಗುರುತಿಸುತ್ತದೆಯಾದರೂ ಬೋರ್ಡಿನದೇ ಆದ ಟಿಟಿವೈಎಸ್0 (ಲಿನಕ್ಸ್ ಮೊದಲ ಸೀರಿಯಲ್ ಪೋರ್ಟಿಗೆ ಕೊಡುವ ಹೆಸರು) ಬಿಟ್ಟು ಬೇರೆ ಪೋರ್ಟ್ ಮೂಡುತ್ತಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ ‘ಎರರ್ -28’ ಎಂದಿದೆ. ಕಾರ್ಡೇ ಕೆಟ್ಟಿರಬಹುದೇ?

ಉತ್ತರ 1: ಕಾರ್ಡ್ ಕೆಟ್ಟಂತಿಲ್ಲ. -28 ಎಂದರೆ ಜಾಗವಿಲ್ಲ ಎಂದರ್ಥ. ಇಲ್ಲಿ ತುಂಬಿರುವುದು ಡಿಸ್ಕ್ ಅಲ್ಲ, ಸೀರಿಯಲ್ ಪೋರ್ಟುಗಳನ್ನು ನಡೆಸುವ 8250 ಡ್ರೈವರಿನ ಪೋರ್ಟ್ ಪಟ್ಟಿ. ಬೂಟ್ ಆಗುವಾಗ ಬರುವ ‘8250/16550 ಡ್ರೈವರ್’ ಸಾಲಿನಲ್ಲಿ ಎಷ್ಟು ಪೋರ್ಟ್ ಎಂದಿದೆ, ದಯವಿಟ್ಟು ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು: 1 ಎಂದಿದೆ. ಬೂಟ್ ಸಾಲಿಗೆ (ಬೂಟ್ ಆಗುವಾಗ ಕರ್ನಲ್ಲಿಗೆ ಕೊಡುವ ಆಯ್ಕೆಗಳ ಸಾಲು) ‘8250.ಎನ್‌ಆರ್_ಯುಎಆರ್‌ಟಿಎಸ್=8’ ಸೇರಿಸಿದರೂ ಸಂಖ್ಯೆ ಬದಲಾಗಲಿಲ್ಲ.

ಉತ್ತರ 2: ಬದಲಾಗುವುದೂ ಇಲ್ಲ. ಕರ್ನಲ್ಲನ್ನು ಕಂಪೈಲ್ ಮಾಡುವಾಗ ನಿಗದಿಯಾದ ಗರಿಷ್ಠ ಸಂಖ್ಯೆಯನ್ನು ಬೂಟ್ ಸಾಲಿನ ಆ ಆಯ್ಕೆ ಮೀರಲಾರದು. ಕರ್ನಲ್ಲಿನ ಆಯ್ಕೆಗಳನ್ನು ಬದಲಿಸುವ ಮೆನುಕಾನ್ಫಿಗ್‌ನಲ್ಲಿ ‘ಸೀರಿಯಲ್_8250_ಎನ್‌ಆರ್_ಯುಎಆರ್‌ಟಿಎಸ್’ ಹಾಗೂ ಅದರ ಜೊತೆಗಿರುವ ‘ರನ್‌ಟೈಮ್_ಯುಎಆರ್‌ಟಿಎಸ್’ ಎರಡನ್ನೂ 8ಕ್ಕೆ ಏರಿಸಿ, ಕರ್ನಲ್ಲನ್ನು ಮತ್ತೆ ಕಟ್ಟಿ. ಮುಂದೊಮ್ಮೆ ಅಪ್‌ಡೇಟ್ ಬಂದು ನಿಮ್ಮ ಕರ್ನಲ್ಲಿನ ಜಾಗದಲ್ಲಿ ಹಳೆಯ ಮಿತಿಯದ್ದೇ ಕೂರಬಹುದು, ಎಚ್ಚರ.

ಉತ್ತರ 3: ಕರ್ನಲ್ ಕಟ್ಟುವ ತಾಪತ್ರಯ ಬೇಡವೆನಿಸಿದರೆ ಯುಎಸ್‌ಬಿ ಅಡಾಪ್ಟರುಗಳಿವೆ, ಅವು ಟಿಟಿವೈಯುಎಸ್‌ಬಿ ಹೆಸರಿನಲ್ಲಿ ಬರುವುದರಿಂದ 8250ರ ಮಿತಿ ಅವಕ್ಕೆ ತಾಗುವುದಿಲ್ಲ.